ಭಟ್ಟರ ಪಥ್ಯಗಳೂ ದೇವರ ಎಲೆಯೂ

ತೂಕ ಇಳಿಸುವ ಸಂಕಲ್ಪಕ್ಕೂ ಅದನ್ನು ಮುರಿಯುವ ಊಟಕ್ಕೂ ನಮ್ಮ ಕಡೆ ಹೆಚ್ಚು ದಿನಗಳ ಅಂತರ ಇರುವುದಿಲ್ಲ. ಆದ್ದರಿಂದ ಇಂಥ ಪ್ರಸಂಗಗಳಿಗೆ ಕೊರತೆ ಬಂದದ್ದನ್ನು ನಾನು ಕಂಡಿಲ್ಲ.

ನಾನು ನರ್ಸ್ ಆಗಿದ್ದವಳು. ಮಾಸ್ತಿಕಟ್ಟೆಯಲ್ಲಿ ಸೇವೆಗೆ ಸೇರಿ, ರಿಪ್ಪನ್‌ಪೇಟೆಯಲ್ಲಿ ಬಹುಕಾಲ ಕಳೆದು, ಹೊಸನಗರದಲ್ಲಿ ನಿವೃತ್ತಳಾದೆ. ಈಗ ತೀರ್ಥಹಳ್ಳಿಯಲ್ಲಿ ಹಳೆಯ ಪರಿಚಯದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬೆಳಗಿನ ಹೊತ್ತು ಕೂರುತ್ತೇನೆ. ರಕ್ತದೊತ್ತಡ ನೋಡುವುದು ಮತ್ತು ತೂಕ ಬರೆಯುವುದು ನನ್ನ ಪಾಲಿನ ಕೆಲಸ. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಮದರ್ ನಮಗೆ ಎರಡು ನಿಯಮಗಳನ್ನು ಎಂದೂ ಮರೆಯದಂತೆ ಕಲಿಸಿದ್ದರು: ಬೆನ್ನು ನೆಟ್ಟಗಿರಬೇಕು, ತಟ್ಟೆ ಖಾಲಿಯಾಗಬೇಕು. ಮೊದಲನೆಯದರಿಂದ ನನಗೆ ಉಪಕಾರವಾಗಿದೆ. ಎರಡನೆಯದರ ವಿಷಯವನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಬರುವ ಭಟ್ಟರು ನಮ್ಮ ಬೀದಿಯವರು. ಮದುವೆ, ಉಪನಯನಗಳಿಗೆ ಅಡುಗೆ ಮಾಡುವವರು. ತೀರ್ಥಹಳ್ಳಿಯಿಂದ ಸಾಗರದವರೆಗೆ ಅವರ ಹೋಳಿಗೆ ಉಣ್ಣದ ಮನೆ ಅಪರೂಪ. ಕಳೆದ ಆಷಾಢದಲ್ಲಿ ಅವರು ಎರಡೂ ಮಂಡಿಗಳನ್ನು ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಡಾಕ್ಟರು ಪರೀಕ್ಷಿಸಿ ಖಂಡಿತವಾಗಿ ಹೇಳಿದರು: "ಭಟ್ರೇ, ಒಂದು ವರ್ಷ ಟೈಮ್ ಕೊಡ್ತೀನಿ. ಮುಂದಿನ ಆಷಾಢದೊಳಗೆ ಹನ್ನೆರಡು ಕಿಲೋ ಇಳಿಸಿ. ಇಲ್ಲದಿದ್ರೆ ಈ ಮಂಡಿ ಇಟ್ಕೊಂಡು ಒಲೆ ಮುಂದೆ ನಿಲ್ಲೋದು ಬಿಡಬೇಕಾಗುತ್ತೆ."

ಒಲೆ ಬಿಡಬೇಕು ಎಂದದ್ದನ್ನು ಕೇಳಿ ಭಟ್ಟರ ಮುಖ ಹೇಗಾಯಿತೆಂದರೆ, ಅವರು ಕೇಳದೆಯೇ ನಾನು ಒಂದು ಲೋಟ ನೀರು ತಂದುಕೊಟ್ಟೆ.

ಅಕ್ಕಿಚೀಲದ ಸಾಕ್ಷಿ

ತೂಕದ ಯಂತ್ರದ ಮುಂದೆ ನಿಂತಾಗ ಮನುಷ್ಯನಿಗೆ ಮೈಮೇಲಿನ ವಸ್ತುಗಳೆಲ್ಲ ನೆನಪಾಗುತ್ತವೆ. ಚಪ್ಪಲಿ ಬಿಡುವುದು ಸಹಜ. ವಾಚು ಬಿಚ್ಚುವವರಿದ್ದಾರೆ. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದು, "ಈಗ ನೋಡಿ" ಎಂದವರೂ ಇದ್ದಾರೆ. ಭಟ್ಟರು ಹೆಗಲ ಮೇಲಿನ ಪಂಚೆಯನ್ನು ತೆಗೆದು ಜೊತೆಗೆ ಬಂದಿದ್ದ ಹೆಂಡತಿಯ ಕೈಗಿತ್ತು, ದೇವರಿಗೆ ಕೈಮುಗಿದು ಹತ್ತಿದರು. ತೊಂಬತ್ತೆಂಟು ಕಿಲೋ.

"ಸಿಸ್ಟರಮ್ಮ, ಈ ಯಂತ್ರ ಸರಿ ಇಲ್ಲ" ಎಂದರು.

"ಸರಿ ಇದೆ" ಎಂದೆ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಆಟೋ ನಿಂತಿತು. ಭಟ್ಟರು ಇಳಿದರು. ಅವರ ಹಿಂದೆ ಆಟೋ ಚಾಲಕ ಹೊಲಿಗೆ ಬಿಚ್ಚದ ಅಕ್ಕಿಯ ಚೀಲವೊಂದನ್ನು ಹೊತ್ತು ತಂದ. ಚೀಲದ ಮೇಲೆ ಇಪ್ಪತ್ತೈದು ಕಿಲೋ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. "ಇಡು ಅದರ ಮೇಲೆ" ಎಂದು ಭಟ್ಟರು ಯಂತ್ರ ತೋರಿಸಿದರು. ರೋಗಿಗಳೆಲ್ಲ ಎದ್ದು ಬಂದು ಸುತ್ತ ನಿಂತರು. ಯಂತ್ರ ಇಪ್ಪತ್ನಾಲ್ಕು ಕಿಲೋ ಎಂಟುನೂರು ಗ್ರಾಂ ತೋರಿಸಿತು.

"ನೋಡಿ, ನೋಡಿ! ಇನ್ನೂರು ಗ್ರಾಂ ತಪ್ಪು! ನಾನು ನಿನ್ನೆಯೇ ಹೇಳಲಿಲ್ವಾ?" ಭಟ್ಟರು ಗೆದ್ದವರಂತೆ ಎಲ್ಲರನ್ನೂ ನೋಡಿದರು.

"ಹೌದು. ಯಂತ್ರ ಇನ್ನೂರು ಗ್ರಾಂ ಕಡಿಮೆ ತೋರಿಸುತ್ತಿದೆ" ಎಂದು ನಾನು ಪುಸ್ತಕ ತೆರೆದು, ಅವರ ತೊಂಬತ್ತೆಂಟರ ಮುಂದೆ ಇನ್ನೂರು ಗ್ರಾಂ ಸೇರಿಸಿ ಬರೆದೆ.

ಆಟೋ ಚಾಲಕ ಚೀಲವನ್ನು ಮತ್ತೆ ಹೆಗಲಿಗೆ ಏರಿಸುತ್ತ ಹೇಳಿದ: "ಸುಮ್ನೆ ಮನೇಲಿ ಇದ್ದಿದ್ರೆ ಇನ್ನೂರು ಗ್ರಾಂ ಉಳೀತಿತ್ತಲ್ಲ ಭಟ್ರೇ."

ಒಪ್ಪತ್ತು

ಪಥ್ಯ ಯಾವುದೆಂದು ನಾನು ಹೇಳುವ ಮೊದಲೇ ಭಟ್ಟರು ತಾವೇ ನಿರ್ಧರಿಸಿದ್ದರು. "ಇನ್ನು ದಿನಾ ಒಪ್ಪತ್ತು, ಸಿಸ್ಟರಮ್ಮ. ಮಧ್ಯಾಹ್ನ ಒಂದು ಊಟ. ರಾತ್ರಿ ಅನ್ನ ಮುಟ್ಟೋದಿಲ್ಲ. ನಮ್ಮ ಅಜ್ಜ ಶನಿವಾರ ಒಪ್ಪತ್ತು ಮಾಡ್ತಿದ್ರು, ಬೆತ್ತದ ಹಾಗೆ ಇದ್ರು."

ಹತ್ತು ದಿನಗಳ ನಂತರ ಅವರ ತೂಕ ಒಂದು ಕಿಲೋ ಹೆಚ್ಚಾಗಿತ್ತು. ಕಣ್ಣಾರೆ ನೋಡದೆ ನಾನು ಯಾವುದನ್ನೂ ನಂಬುವುದಿಲ್ಲ. ಅಂದು ಸಂಜೆ ಏಳು ಗಂಟೆಗೆ ಅವರ ಮನೆಗೆ ಹೋದೆ. ಭಟ್ಟರು ಫಲಾಹಾರಕ್ಕೆ ಕುಳಿತಿದ್ದರು. ಎದುರಿಗೆ ಆರು ದೋಸೆ, ಕಾಯಿಚಟ್ನಿ, ಒಗ್ಗರಣೆ ಹಾಕಿದ ಅವಲಕ್ಕಿ, ಬಾಳೆಹಣ್ಣಿನ ರಸಾಯನ, ಮತ್ತು ಹಿಂದಿನ ದಿನದ್ದೆಂದು ಹೇಳಲಾದ ಸಜ್ಜಿಗೆ.

"ಇದೇನು?" ಎಂದೆ.

"ಅನ್ನ ಇಲ್ಲವಲ್ಲ" ಎಂದರು.

"ದೋಸೆ ಯಾವುದರಿಂದ ಆಗುತ್ತದೆ?"

"ಅಕ್ಕಿಯಿಂದ."

"ಅವಲಕ್ಕಿ?"

"ಅದೂ ಅಕ್ಕಿಯೇ. ಆದ್ರೆ ಅನ್ನ ಅಲ್ಲವಲ್ಲ ಸಿಸ್ಟರಮ್ಮ. ಅಕ್ಕಿ ಬೆಂದು ಅನ್ನ ಆದ್ರೆ ಮಾತ್ರ ಊಟ. ಉಳಿದದ್ದೆಲ್ಲ ಫಲಾಹಾರ. ಇದು ನಾನು ಮಾಡಿದ ನಿಯಮ ಅಲ್ಲ, ನಮ್ಮ ಹಿರಿಯರದ್ದು."

ಅಲ್ಲಿಯೇ ನಿಂತಿದ್ದ ಅವರ ಹೆಂಡತಿಯತ್ತ ನೋಡಿದೆ. ಆಕೆ ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಆಡಿದ ಮಾತು ಮಾತ್ರ ನೆಟ್ಟಗೆ ಹೋಗಿ ತಾಗುತ್ತದೆ. ಆಕೆ ಹೇಳಿದರು: "ಮೊದಲಾದ್ರೆ ರಾತ್ರಿ ಒಂದು ಮುಷ್ಟಿ ಅನ್ನ ಮಜ್ಜಿಗೆ ಉಂಡು ಮಲಗ್ತಿದ್ರು, ಸಿಸ್ಟರಮ್ಮ. ಇವರು ಉಪವಾಸ ಶುರು ಮಾಡಿದ ಮೇಲೆ ನನಗೆ ದೋಸೆಹಿಟ್ಟು ರುಬ್ಬಿ ರುಬ್ಬಿ ಎರಡು ಕಿಲೋ ಇಳಿದಿದೆ."

ತುಪ್ಪದ ಪಥ್ಯ

ಭಟ್ಟರ ಹೆಂಡತಿಯ ತಮ್ಮ ರಿಪ್ಪನ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ವೈದ್ಯಕೀಯ ಓದುತ್ತಾನೆ. ಶ್ರಾವಣದಲ್ಲಿ ಅಕ್ಕನ ಮನೆಗೆ ಬಂದವನು ಭಾವನಿಗೆ ಹೊಸ ಪಥ್ಯವೊಂದನ್ನು ಬೋಧಿಸಿದ: ಅಕ್ಕಿ, ಗೋಧಿ, ಬೆಲ್ಲ, ಸಕ್ಕರೆ ಯಾವುದೂ ಕೂಡದು, ಬೆಣ್ಣೆ, ತುಪ್ಪ, ತೆಂಗಿನಕಾಯಿ ಎಷ್ಟು ಬೇಕಾದರೂ ಆಗಬಹುದು.

ಈ ವಾಕ್ಯದ ಎರಡನೆಯ ಅರ್ಧ ಭಟ್ಟರಿಗೆ ಸ್ಪಷ್ಟವಾಗಿ ಕೇಳಿಸಿತು.

ಎರಡು ವಾರ ಬಿಟ್ಟು ಅವರು ಯಂತ್ರ ಹತ್ತಿದಾಗ ಅದು ಮೊದಲ ಬಾರಿಗೆ ಮೂರಂಕಿ ತೋರಿಸಿತು. ಭಟ್ಟರಿಗಿಂತ ಹೆಚ್ಚು ಗಾಬರಿಯಾದದ್ದು ಡಾಕ್ಟರಿಗೆ. ಒಳಗೆ ಕರೆಸಿ ವಿಚಾರಿಸಿದರು. ಭಟ್ಟರು ಪಥ್ಯವನ್ನು ವಿವರಿಸಿದರು. ಊಟಕ್ಕೆ ಅರ್ಧ ಲೋಟ ತುಪ್ಪ ಕಡ್ಡಾಯ. ಒಂದು ದಿನವೂ ತಪ್ಪಿಸಿಲ್ಲ. ತಾಳಿ ಕಟ್ಟಿಸಿಕೊಂಡವಳೇ ಸಾಕ್ಷಿ.

"ಅನ್ನ, ಗೋಧಿ, ಬೆಲ್ಲ ಬಿಟ್ಟಿದ್ದೀರಲ್ಲ?" ಎಂದು ಡಾಕ್ಟರು ಕೇಳಿದರು.

ಭಟ್ಟರು ಪಂಚೆಯ ಅಂಚು ಸರಿಪಡಿಸಿಕೊಂಡರು. "ಹೋಳಿಗೆ ಮೇಲೆ ಹಾಕ್ಕೊಂಡೆ" ಎಂದು ಮೆಲ್ಲಗೆ ಹೇಳಿದರು.

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಭಟ್ಟರಿಗೆ ಅವಮಾನವಾಯಿತು. ನನ್ನ ಕಡೆ ತಿರುಗಿ, ನ್ಯಾಯ ಕೇಳುವವರಂತೆ ಕೇಳಿದರು: "ನೀವೇ ಹೇಳಿ ಸಿಸ್ಟರಮ್ಮ, ಬರೀ ತುಪ್ಪ ಕುಡ್ಕೊಂಡಿರೋಕೆ ನಾನೇನು ನಂದಾದೀಪವಾ?"

ಆಸರಿಗೆ

ಆ ಮೇಲೆ ನಾನು ಪಥ್ಯದ ಮಾತನ್ನು ನಿಲ್ಲಿಸಿ ನಡಿಗೆಯ ಮಾತು ತೆಗೆದೆ. ಬೆಳಿಗ್ಗೆ ಆರಕ್ಕೆ ಹೊರಟು ತುಂಗೆಯ ಸೇತುವೆಯವರೆಗೆ ಹೋಗಿ ಬರಬೇಕು. ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆ. ಭಟ್ಟರು ಒಪ್ಪಿದರು. ಒಂದು ದಿನವೂ ತಪ್ಪಿಸದೆ ನಡೆದರು. ಮೂರು ವಾರ ಕಳೆದರೂ ಯಂತ್ರದ ಮುಳ್ಳು ಅಲುಗಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ನಮ್ಮ ಯಂತ್ರಕ್ಕೆ ಮುಳ್ಳಿಲ್ಲ. ಅಂಕಿಗಳು ಬದಲಾಗಿರಲಿಲ್ಲ ಎಂದಿಟ್ಟುಕೊಳ್ಳಿ.

"ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಎಂಟೂವರೆಗೆ. ಬಂದವರಿಗೆ ತಿಂಡಿಯೂ ಬೇಡ. ನಡೆದು ಸುಸ್ತಾಗಿ ಹಸಿವೇ ಸತ್ತಿದೆ ಅಂತಾರೆ."

ಹಸಿವು ಎಲ್ಲಿ ಸಾಯುತ್ತಿದೆ ಎಂದು ನೋಡಲು ಮರುದಿನ ನಾನೇ ಜೊತೆಗೆ ಹೊರಟೆ. ಮೊದಲನೆಯ ತಿರುವಿನಲ್ಲಿಯೇ ಒಂದು ಬಾಗಿಲು ತೆರೆಯಿತು. "ಭಟ್ರೇ, ಬನ್ನಿ ಬನ್ನಿ, ಆಸರಿಗೆ ಕುಡಿದು ಹೋಗಿ!" ಆಸರಿಗೆ ಎಂದರೆ ದಣಿದು ಬಂದವರಿಗೆ ಕೊಡುವ ಕುಡಿಯುವ ಪದಾರ್ಥ; ಬೇಡವೆನ್ನುವುದು ಮರ್ಯಾದೆಯಲ್ಲ. ಆ ಬೀದಿಯ ಪ್ರತಿ ಮನೆಯ ಮದುವೆಗೂ ಭಟ್ಟರೇ ಅಡುಗೆ ಮಾಡಿದವರು. ಒಂದು ಮನೆಯಲ್ಲಿ ಕುಡಿದು ಇನ್ನೊಂದು ಮನೆಯಲ್ಲಿ ಬಿಟ್ಟರೆ ಮಾತು ಹುಟ್ಟುತ್ತದೆ. ಹೀಗೆ ಸೇತುವೆ ಮುಟ್ಟುವಷ್ಟರಲ್ಲಿ ಐದು ಮನೆ, ಹಿಂತಿರುಗುವಾಗ ನಾಲ್ಕು. ಕಾಫಿ, ಕಷಾಯ, ಬೆಲ್ಲದ ಪಾನಕ. ಜೊತೆಗೆ ಒಂದೆರಡು ಚಕ್ಕುಲಿ, ಒಂದು ಕಡೆ ಬಿಸಿ ಬನ್ಸ್.

ನಾನು ಜೊತೆಗಿದ್ದರೆ ಇದು ನಿಲ್ಲಬಹುದೆಂದು ಭಾವಿಸಿದ್ದೆ. ನಾಲ್ಕನೆಯ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಆಕೆಯ ತವರು ರಿಪ್ಪನ್‌ಪೇಟೆ; ಮೂರೂ ಹೆರಿಗೆಗಳಲ್ಲಿ ನಾನಿದ್ದೆ. ಸೊಸೆ ಎರಡು ಲೋಟ ಕಾಫಿ ತಂದಳು. ನಾನು ಬಿಗಿಯಾಗಿ ಹೇಳಿದೆ: "ನಾನು ಸಕ್ಕರೆ ತೆಗೆದುಕೊಳ್ಳುವುದಿಲ್ಲ. ಇವರಿಗೂ ಡಾಕ್ಟರು ಸಕ್ಕರೆ ಬಿಡಲು ಹೇಳಿದ್ದಾರೆ."

ಅಜ್ಜಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವ ವಯಸ್ಸು. ಸೊಸೆಗೆ ಕೂಗಿ ಹೇಳಿದರು: "ಕೇಳ್ತೇನೇ? ಸಿಸ್ಟರಮ್ಮಂಗೆ ಸಕ್ಕರೆ ಬೇಡಂತೆ. ಅವರ ಪಾಲಿಂದೂ ಭಟ್ರ ಲೋಟಕ್ಕೇ ಹಾಕು."

ಸಾಗರದ ಹತ್ತು ದಿನ

ಭಾದ್ರಪದದ ಕೊನೆಗೆ ಭಟ್ಟರು ಕಳವಳಗೊಂಡರು. ಮೂರು ತಿಂಗಳಾಗುತ್ತ ಬಂದಿತ್ತು. ಇಳಿಯಬೇಕಾದ ಹನ್ನೆರಡು ಈಗ ಹದಿನಾಲ್ಕಾಗಿತ್ತು. ಒಂದು ಬೆಳಿಗ್ಗೆ ನನ್ನೊಬ್ಬಳಿಗೇ ಕೇಳಿಸುವಂತೆ ಹೇಳಿದರು: "ನನಗೆ ಬೇರೆ ಏನೂ ಬರೋದಿಲ್ಲ ಸಿಸ್ಟರಮ್ಮ. ಹನ್ನೆರಡನೇ ವಯಸ್ಸಿಗೇ ಒಲೆ ಮುಂದೆ ನಿಂತವನು. ಮನೇಲಿ ಕೂತು ಯಾರದೋ ಮದುವೆ ಊಟದ ವಾಸನೆ ಕುಡ್ಕೊಂಡು ಹೇಗಿರಲಿ?"

ಸಾಗರದ ಹತ್ತಿರ ಕೆಲವು ಉತ್ಸಾಹಿಗಳು ತೂಕ ಇಳಿಸುವವರಿಗಾಗಿ ಹತ್ತು ದಿನಗಳ ಶಿಬಿರ ನಡೆಸುತ್ತಿದ್ದರು. ಅಲ್ಲಿಗೆ ಕಳಿಸಿದೆ. ಒಟ್ಟು ಇಪ್ಪತ್ತು ಜನ. ಬೆಳಿಗ್ಗೆ ನಿಂಬೆರಸದ ನೀರು, ಮಧ್ಯಾಹ್ನ ಬೇಯಿಸಿದ ಸೋರೆಕಾಯಿ, ಸಂಜೆ ಮೊಳಕೆಕಾಳು.

ಭಟ್ಟರು ಎರಡು ದಿನ ತಡೆದುಕೊಂಡರು. ಅವರನ್ನು ಕೆಣಕಿದ್ದು ಹಸಿವಲ್ಲ, ಸೋರೆಕಾಯಿ. "ಎಂಥ ಎಳೆ ಕಾಯಿ, ಸಿಸ್ಟರಮ್ಮ! ಅದನ್ನು ಉಪ್ಪಿಲ್ಲದೆ ಬರೇ ನೀರಲ್ಲಿ ಬೇಯಿಸಿ ಕೊಲ್ತಿದ್ರು. ನೋಡಿ ಸುಮ್ಮನಿರೋದು ಹೇಗೆ?" ಮೂರನೆಯ ದಿನ ಅವರು ಶಿಬಿರದ ಅಡುಗೆಮನೆಯನ್ನು ಹೊಕ್ಕರು. ಅಲ್ಲಿದ್ದ ಅಡುಗೆಯವನು ಅವರ ಕೈಕೆಳಗೆ ಪಳಗಿದವನೇ. ಕಂಡೊಡನೆ ಸೌಟು ಒಪ್ಪಿಸಿ ಕಾಲಿಗೆ ಬಿದ್ದ. ಅಂದಿನಿಂದ ಶಿಬಿರದಲ್ಲಿ ಸೋರೆಕಾಯಿ ಪಲ್ಯ, ಒಂದೆಲಗದ ತಂಬುಳಿ, ಮಾವಿನಮಿಡಿಯ ಅಪ್ಪೆಹುಳಿ, ಕಾಯಿತುರಿ ಹಾಕಿದ ಮೊಳಕೆಕಾಳಿನ ಉಸಲಿ. ಜನ ಮೂರು ಮೂರು ಸಲ ಬಡಿಸಿಕೊಂಡರು. ಭಟ್ಟರಿಗೆ ಅಡುಗೆಯವರ ಕ್ರಮ ಬಿಡಲಾಗದು, ಎಲ್ಲರೂ ಉಂಡ ಮೇಲೆಯೇ ಕೂರುವುದು. ಅವರು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಏನೂ ಇರುತ್ತಿರಲಿಲ್ಲ.

ಹತ್ತನೆಯ ದಿನ ಎಲ್ಲರನ್ನೂ ತೂಗಿದರು. ಭಟ್ಟರು ನಾಲ್ಕು ಕಿಲೋ ಇಳಿದಿದ್ದರು. ಉಳಿದ ಹತ್ತೊಂಬತ್ತು ಜನರೂ ಏರಿದ್ದರು.

ಶಿಬಿರದ ಮುಖ್ಯಸ್ಥರು ನನಗೆ ಫೋನು ಮಾಡಿದರು. "ಮೊದಲ ಬಹುಮಾನ ನಿಮ್ಮ ಭಟ್ರಿಗೇ ಕೊಟ್ಟಿದ್ದೀವಿ. ಆದ್ರೆ ಇನ್ನೊಮ್ಮೆ ದಯವಿಟ್ಟು ಕಳಿಸಬೇಡಿ. ಉಳಿದ ಹತ್ತೊಂಬತ್ತು ಜನ ಈಗಲೇ ಬಂದು ಕೇಳ್ತಿದ್ದಾರೆ, ಭಟ್ರು ಬರೋ ಮುಂದಿನ ಶಿಬಿರ ಯಾವಾಗ ಅಂತ."

ಇಳಿದ ನಾಲ್ಕು ಕಿಲೋ ದೀಪಾವಳಿಯ ಹೊತ್ತಿಗೆ ತವರಿಗೆ ಬರುವ ಮಗಳಂತೆ ತಪ್ಪದೆ ಬಂದು ಸೇರಿತು.

ಖಾಲಿ ತಟ್ಟೆ

ಈ ಪ್ರಸಂಗವನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಪ್ರಾಮಾಣಿಕತೆ ಆಗುವುದಿಲ್ಲ.

ಭಟ್ಟರ ಪಥ್ಯಗಳು ನಡೆದಷ್ಟೂ ಕಾಲ ಅವರ ಹೆಂಡತಿ ಒಂದು ಉಪಾಯ ಮಾಡಿದ್ದರು. ಮನೆಗೆ ಯಾವ ಸಿಹಿ ಬಂದರೂ, ಹಬ್ಬಕ್ಕೆ ಏನು ಮಾಡಿದರೂ, ಗಂಡನ ಕಣ್ಣಿಗೆ ಬೀಳದಿರಲೆಂದು ಡಬ್ಬಿಯಲ್ಲಿ ತುಂಬಿ ನಮ್ಮ ಮನೆಗೆ ಕಳಿಸುತ್ತಿದ್ದರು. ಕೊಟ್ಟಿಗೆಹಬ್ಬದ ಕಡುಬು, ಚೌತಿಯ ಚಕ್ಕುಲಿ ಮತ್ತು ಪಂಚಕಜ್ಜಾಯ, ಸಾಗರದಿಂದ ಯಾರೋ ತಂದ, ಕಾಗದದಷ್ಟು ತೆಳುವಾದ ತೊಡೆದೇವು, ವಾರಕ್ಕೊಮ್ಮೆ ಹಯಗ್ರೀವ. "ನೀವು ಒಬ್ಬರೇ ಶಿಸ್ತಿನವರು, ನಿಮ್ಮ ಮನೇಲಿ ಇದ್ರೆ ಭಯ ಇಲ್ಲ" ಎನ್ನುತ್ತಿದ್ದರು. ನಾನು ಒಬ್ಬಳೇ ಇರುವವಳು. ಆಹಾರ ಕೆಡಿಸುವುದು ಪಾಪವೆಂದು ಆರನೆಯ ವಯಸ್ಸಿನಲ್ಲಿ ಕಲಿತವಳು. ಡಬ್ಬಿಯನ್ನು ತೊಳೆದೇ ಹಿಂತಿರುಗಿಸುತ್ತಿದ್ದೆ.

ದೀಪಾವಳಿಯ ನಂತರ ಕ್ಲಿನಿಕ್ಕಿನಲ್ಲಿ ಭಟ್ಟರನ್ನು ತೂಗಿ, ಮತ್ತೆ ನೂರು ಬಂದದ್ದನ್ನು ಬರೆದು, ನಾಲ್ಕು ಮಾತು ಕಟುವಾಗಿಯೇ ಆಡಿದೆ. ಮನಸ್ಸಿನ ಮೇಲೆ ಹಿಡಿತ ಬೇಕು, ನಾಲಗೆಗೆ ಕಡಿವಾಣ ಬೇಕು ಎಂದೆ. ಭಟ್ಟರು ತಲೆ ತಗ್ಗಿಸಿ ಕೇಳಿದರು. ಅವರ ಹೆಂಡತಿ ಮಾತ್ರ ಯಂತ್ರದತ್ತ ಕೈ ತೋರಿಸಿ ವಿನಯದಿಂದ ಹೇಳಿದರು: "ನೀವೂ ಒಮ್ಮೆ ಹತ್ತಿ ತೋರಿಸಿ ಸಿಸ್ಟರಮ್ಮ. ಇವರಿಗೆ ಬುದ್ಧಿ ಬರ್ಲಿ."

ಬೆನ್ನು ನೆಟ್ಟಗಿರಿಸಿಕೊಂಡು ಹತ್ತಿದೆ. ಇಪ್ಪತ್ತು ವರ್ಷಗಳಿಂದ ಐವತ್ತೆರಡಿದ್ದದ್ದು ಐವತ್ತಾರಾಗಿತ್ತು.

ಭಟ್ಟರು ಬಗ್ಗಿ ಅಂಕಿ ನೋಡಿದರು. ಕಣ್ಣಿಗೆ ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. ಸಾಗರದಲ್ಲಿ ಕಳೆದುಕೊಂಡು ಬಂದ ವಸ್ತು ಸಿಕ್ಕವರಂತೆ ಅವರ ಮುಖ ಅರಳಿತು. "ಓಹೋ! ನನ್ನ ನಾಲ್ಕು ಕಿಲೋ ಇಲ್ಲಿದೆ!"

ಕಡೆಯ ಪಂಕ್ತಿ

ಆ ದಿನದ ನಂತರ ನಾನು ಉಪದೇಶ ಮಾಡುವುದನ್ನು ಕಡಿಮೆ ಮಾಡಿದೆ. ಪಥ್ಯಕ್ಕೆ ಮುಗಿಯುವ ದಿನವೊಂದು ಇರುತ್ತದೆ; ಹಿಡಿದವನ ಕಣ್ಣೆಲ್ಲ ಆ ದಿನದ ಮೇಲೆಯೇ. ಬದಲಾಗಬೇಕಾದದ್ದು ದಿನನಿತ್ಯದ ಕ್ರಮ. ಅದನ್ನು ಬದಲಿಸಲು ಮೊದಲು ಅದು ಏನೆಂದು ತಿಳಿಯಬೇಕಲ್ಲ. ಮಾರ್ಗಶಿರದಲ್ಲಿ ಹೊಸನಗರದ ಒಂದು ಮದುವೆಗೆ ಭಟ್ಟರ ಅಡುಗೆ ಇತ್ತು. ನನಗೂ ಕರೆಯಿತ್ತು. ನಾನು ಮಂಟಪದ ಕಡೆ ಹೋಗದೆ ಅಡುಗೆಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಕುಳಿತೆ.

ಡಾಕ್ಟರ ಊಹೆ, ಭಟ್ಟರು ರುಚಿ ನೋಡಿ ನೋಡಿಯೇ ದಪ್ಪಗಾಗಿದ್ದಾರೆ ಎಂಬುದು. ಅದನ್ನು ಹೇಳಿದ್ದಕ್ಕೆ ಭಟ್ಟರು ಎರಡೂ ಕಿವಿ ಮುಚ್ಚಿಕೊಂಡರು. "ದೇವರಿಗೆ ನೈವೇದ್ಯ ಆಗೋ ಮೊದಲು ರುಚಿ ನೋಡೋದಾ? ರಾಮ ರಾಮ! ಉಪ್ಪು ಹುಳಿ ಎಲ್ಲ ವಾಸನೆಯಲ್ಲೇ ತಿಳಿಯುತ್ತೆ." ನಿಜವಾಗಿತ್ತು. ನಸುಕಿನಿಂದ ಅವರ ಬಾಯಿಗೆ ಹೋದದ್ದು ನಾಲ್ಕು ಲೋಟ ಸಿಹಿ ಚಹಾ ಮಾತ್ರ. ಹನ್ನೆರಡಕ್ಕೆ ದೇವರ ಮುಂದೆ ಎಲೆ ಹಾಕಿ ಎಲ್ಲ ಪದಾರ್ಥಗಳನ್ನೂ ಚೂರು ಚೂರು ಬಡಿಸಿ ನೈವೇದ್ಯವಾಯಿತು. ಅನಂತರ ನಾಲ್ಕು ಪಂಕ್ತಿ. ಭಟ್ಟರು ಕಡೆಯ ಪಂಕ್ತಿಗೆ ಕುಳಿತಾಗ ನಾಲ್ಕೂವರೆ ಗಂಟೆ. ಅಷ್ಟು ಹಸಿದವನ ಮುಂದೆ ಮನೆಯ ಯಜಮಾನರೇ ಹೋಳಿಗೆಯ ಬುಟ್ಟಿ ಹಿಡಿದು ನಿಂತರು.

"ಭಟ್ರೇ, ನೀವು ಬೇಡ ಅನ್ನಬಾರದು. ಇನ್ನೆರಡು!"

"ಸಾಕು ಮಾರಾಯ್ರೇ."

"ನಿಮ್ಮ ಕೈಯಡುಗೆ ನಿಮಗೇ ಬೇಡ ಅಂದ್ರೆ ನಾವು ಉಂಡದ್ದೇನು?"

ಭಟ್ಟರು ಎಲೆಯ ಮೇಲಿಂದ ಕೈ ತೆಗೆದರು. ನಾನು ಎಣಿಸಿದೆ. ಹನ್ನೊಂದು ಹೋಳಿಗೆ.

ಹಿಂತಿರುಗುವಾಗ ಬಾಡಿಗೆ ಜೀಪಿನಲ್ಲಿ ನಾನು ಹೇಳಿದೆ: "ಭಟ್ಟರೇ, ನೈವೇದ್ಯ ಆದ ಕೂಡಲೇ, ಹನ್ನೆರಡಕ್ಕೆ, ನೀವು ಒಂದಿಷ್ಟು ಉಣ್ಣಬೇಕು. ಸಂಜೆ ಈ ಸತ್ಕಾರಕ್ಕೆ ಕೂರಬಾರದು."

"ಅತಿಥಿಗಳಿಗಿಂತ ಮೊದಲು ಅಡುಗೆಯವನು ಉಣ್ಣೋದಾ? ನಾಳೆ ಯಾರು ಕರೀತಾರೆ ನನ್ನ?" ಭಟ್ಟರು ಜೀಪಿನಿಂದ ಇಳಿದೇ ಬಿಡುವವರಂತೆ ಕೂಗಿದರು.

ಮದುವೆಗೆ ಬಂದು ನಮ್ಮ ಜೊತೆಗೇ ಹಿಂತಿರುಗುತ್ತಿದ್ದ ಅವರ ಹೆಂಡತಿ ಆಗ ಕೇಳಿದರು. "ದೇವರ ಎಲೆಯಲ್ಲಿ ಬಡಿಸಿದ್ದು ಏನಾಗುತ್ತೆ?"

"ಪ್ರಸಾದ. ಗಡಿಬಿಡೀಲಿ ಯಾರಿಗೂ ನೆನಪಿರೋದಿಲ್ಲ."

"ಅದನ್ನ ಉಣ್ಣಿ. ಒಂದು ಹೋಳಿಗೆ, ಒಂದು ಹಿಡಿ ಅನ್ನ, ಒಂದೊಂದು ಚಮಚ ಪಲ್ಯ, ಕೋಸಂಬರಿ. ಪ್ರಸಾದ ಉಂಡವನನ್ನ ಯಾರೂ ಆಡ್ಕೊಳ್ಳೋದಿಲ್ಲ. ಸಂಜೆ ಕರೆದ್ರೆ, ಇವತ್ತು ದೇವರ ಪ್ರಸಾದ ಆಗಿದೆ, ಮತ್ತೆ ಉಣ್ಣೋ ಹಾಗಿಲ್ಲ ಅನ್ನಿ."

ನಾನು ಶುಶ್ರೂಷೆಯ ಶಾಲೆಯಲ್ಲಿ ಆಹಾರದ ಅಳತೆಯನ್ನು ಮೂರು ವರ್ಷ ಓದಿದವಳು. ಇಷ್ಟು ಸರಿಯಾದ ಅಳತೆ ನನಗೆ ಹೊಳೆದಿರಲಿಲ್ಲ. ಭಟ್ಟರು ಬಹಳ ಹೊತ್ತು ಯೋಚಿಸಿದರು. ತಪ್ಪು ಹುಡುಕಲು ಪ್ರಯತ್ನಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ನಿಟ್ಟುಸಿರು ಬಿಟ್ಟು ನನ್ನತ್ತ ತಿರುಗಿದರು. "ಇವಳಿಗೆ ಇದು ಹನ್ನೊಂದನೇ ಹೋಳಿಗೆಗೆ ಮೊದಲೇ ಹೊಳೆದಿತ್ತು, ಸಿಸ್ಟರಮ್ಮ. ನನ್ನ ಹೊಟ್ಟೆ ತುಂಬ್ಲಿ ಅಂತ ಕಾದಿದ್ದಾಳೆ."

ದೇವರ ಎಲೆ

ಅದು ಪಥ್ಯವಾಗಿರಲಿಲ್ಲ, ಮುಗಿಯುವ ದಿನವಿರಲಿಲ್ಲ. ಅಡುಗೆಯ ದಿನ ದೇವರ ಎಲೆಯ ಊಟ. ಮನೆಯಲ್ಲಿದ್ದ ದಿನವೂ ಅದೇ ಅಳತೆ. ಪೂಜೆ ಅಲ್ಲಿಯೂ ಇದೆಯಲ್ಲ. ರಾತ್ರಿ ಹಿಂದಿನಂತೆ ಒಂದು ಮುಷ್ಟಿ ಮಜ್ಜಿಗೆ ಅನ್ನ. ಚಹಾಕ್ಕೆ ಸಕ್ಕರೆ ಇಲ್ಲ. ಬೆಳಗಿನ ನಡಿಗೆ ಸೇತುವೆಯ ಕಡೆಗಲ್ಲ, ಊರ ಹೊರಗೆ ಅಕೇಶಿಯಾ ನೆಡುತೋಪಿನ ರಸ್ತೆಯಲ್ಲಿ. ಅಲ್ಲಿ ಒಂದೂ ಮನೆಯಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ನನ್ನ ನಾಲ್ಕು ಕಿಲೋವನ್ನು ಹೊತ್ತುಕೊಂಡು ನಾನೂ ಹೋಗುತ್ತಿದ್ದೆ. ಡಬ್ಬಿಗಳು ಬರುವುದು ನಿಂತಿತ್ತು.

ತಿಂಗಳಿಗೆ ಎರಡು ಕಿಲೋ, ಒಮ್ಮೊಮ್ಮೆ ಒಂದೂವರೆ. ಮಾಘ ಫಾಲ್ಗುಣ ಕಳೆಯುವಷ್ಟರಲ್ಲಿ ನೂರಿದ್ದದ್ದು ತೊಂಬತ್ತೆರಡಾಯಿತು. ಭಟ್ಟರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಬಿಟ್ಟರು. ಚೈತ್ರದಲ್ಲಿ ಅಂಕಿ ಅಲ್ಲೇ ನಿಂತಿತು. ವೈಶಾಖದಲ್ಲಿ ಒಂದು ಕಿಲೋ ಏರಿತು.

"ಏನಾದರೂ ಬದಲಾಯಿತೇ?" ಎಂದೆ.

"ಏನೂ ಇಲ್ಲ. ದೇವರ ಎಲೆ ಬಿಟ್ಟು ಬೇರೆ ಮುಟ್ಟಿದ್ದಿಲ್ಲ" ಎಂದು ಭಟ್ಟರು ಎದೆ ಮುಟ್ಟಿ ಹೇಳಿದರು. ಅವರು ಸುಳ್ಳು ಹೇಳುವವರಲ್ಲ. ಆಷಾಢಕ್ಕೆ ಇನ್ನು ಎರಡೇ ತಿಂಗಳಿತ್ತು.

ಕವಲೇದುರ್ಗದ ಕೆಳಗಿನ ಊರಿನಲ್ಲಿ ಒಂದು ಮದುವೆಯಿತ್ತು. ನಾನೂ ಭಟ್ಟರ ಹೆಂಡತಿಯೂ ಹೋದೆವು. ಹನ್ನೆರಡು ಗಂಟೆಗೆ ಭಟ್ಟರು ಸ್ನಾನ ಮಾಡಿ ಮಡಿಯುಟ್ಟು ದೇವರಿಗೆ ಬಡಿಸಲು ಹೊರಟರು. ನಾವು ಬಾಗಿಲ ಮರೆಯಲ್ಲಿ ನಿಂತೆವು. ದೇವರ ಮುಂದೆ ಹಾಕಿದ್ದ ಎಲೆ ಊಟದ ಎಲೆಯಲ್ಲ; ಬಾಳೆಯ ಪೂರ್ತಿ ಎಲೆ, ಉದ್ದಕ್ಕೂ ಹಾಸಿದ್ದರು. ಅದರ ಮೇಲೆ ಅನ್ನದ ಒಂದು ಗುಡ್ಡ. ಪಲ್ಯಗಳು ಸೌಟಿನ ಲೆಕ್ಕದಲ್ಲಿ. ಚಿರೋಟಿ ಎರಡು. ಹೋಳಿಗೆ ನಾಲ್ಕು. ಭಟ್ಟರು ಅದನ್ನು ದೂರದಿಂದ ನೋಡಿ, ಏನೋ ಕೊರತೆ ಕಂಡವರಂತೆ ಬುಟ್ಟಿಯಿಂದ ಇನ್ನೊಂದು ಹೋಳಿಗೆ ತೆಗೆದು ಭಕ್ತಿಯಿಂದ ಇಟ್ಟು, ಮೇಲೆ ತುಪ್ಪ ಹೊಯ್ದರು.

"ಭಟ್ಟರೇ!" ಎಂದೆ.

ಬೆಚ್ಚಿಬಿದ್ದು ತಿರುಗಿದರು. "ದೇವರಿಗೆ, ಸಿಸ್ಟರಮ್ಮ."

"ದೇವರಿಗೆ ಐದು ಹೋಳಿಗೆಯೇ?"

"ದುರ್ಗದ ಬುಡ ಇದು. ಇಲ್ಲಿ ದೇವರಿಗೆ ಹಸಿವು ಜಾಸ್ತಿ" ಎಂದರು.

ನಾನು ವೃತ್ತಿಜೀವನದಲ್ಲಿ ಕರ್ತವ್ಯದ ಹೊತ್ತಿನಲ್ಲಿ ನಕ್ಕವಳಲ್ಲ. ಅಂದು ಸೆರಗು ಬಾಯಿಗೆ ಹಿಡಿದು ಹೊರಗೆ ಹೋಗಿ ತೆಂಗಿನಮರಕ್ಕೆ ಒರಗಿ ನಿಂತೆ. ಒಳಗೆ ಭಟ್ಟರ ಹೆಂಡತಿ ಆ ಎಲೆಯನ್ನು ಎತ್ತಿಸಿ, ಅಂಗೈಯಗಲದ ಒಂದು ಕುಡಿ ಎಲೆ ತರಿಸಿ ಹಾಕಿದರಂತೆ. ಅಂದಿನಿಂದ ದೇವರಿಗೆ ಬಡಿಸುವ ಕೆಲಸ ಅವರದಾಯಿತು.

ಆಷಾಢದಲ್ಲಿ ಭಟ್ಟರು ಹೆಗಲ ಪಂಚೆಯನ್ನೂ ತೆಗೆಯದೆ ಯಂತ್ರ ಹತ್ತಿದರು. ಎಂಬತ್ತೆಂಟು. ನಾನು ವಾಡಿಕೆಯಂತೆ ಇನ್ನೂರು ಗ್ರಾಂ ಸೇರಿಸಿ ಬರೆದೆ. ಡಾಕ್ಟರು ಮಂಡಿ ಮಡಿಸಿ, ಬಿಡಿಸಿ ನೋಡಿದರು. ಕುಳಿತು ಏಳಲು ಹೇಳಿದರು. ಭಟ್ಟರು ಯಾರ ಆಸರೆಯೂ ಇಲ್ಲದೆ ಎದ್ದರು.

"ಹನ್ನೆರಡು ಕೇಳಿದ್ದೆ, ಹತ್ತು ಆಗಿದೆ. ಆದ್ರೂ ಸಾಕು. ಹೀಗೇ ಇರಿ. ಒಲೆ ಬಿಡೋದು ಬೇಡ" ಎಂದರು ಡಾಕ್ಟರು.

ಭಟ್ಟರು ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಕಡೆ ನೋಡಿದೆ.

"ಎಲ್ಲ ದೇವರ ದಯೆ" ಎಂದರು ಭಟ್ಟರು.

"ದಯೆ ಎಂತದ್ದು? ದೇವರಿಗೆ ಈಗ ಬಡಿಸೋದು ನಾನು" ಎಂದರು ಅವರ ಹೆಂಡತಿ. "ಅರ್ಧ ಹೋಳಿಗೆ."

ಭಟ್ಟರು ಕ್ಲಿನಿಕ್ಕಿನ ಗೋಡೆಯ ಮೇಲಿದ್ದ ದೇವರ ಪಟದ ಕಡೆ ತಿರುಗಿ, ಕೈಮುಗಿದು, ಬಹಳ ಹೊತ್ತು ಕರುಣೆಯಿಂದ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಪಾಪ, ನನ್ನ ದೆಸೆಯಿಂದ ಅವನೂ ಸೊರಗಿದ್ದಾನೆ. ಒಂದು ದಿನ ಬಿಡುವು ಮಾಡ್ಕೊಂಡು ಅವನನ್ನೂ ಒಮ್ಮೆ ತೂಗಿ ನೋಡಿ, ಸಿಸ್ಟರಮ್ಮ."